ನಾಲ್ಕು ತಂತಿ, ಒಂದು ಖಾಲಿ ಜಾಗ

ನನ್ನ ಬೇಸ್ ಗಿಟಾರಿನ ಅತಿ ದಪ್ಪನೆಯ ಇ ತಂತಿಯ ಎರಡನೇ ಫ್ರೆಟ್ (ನೆಕ್ಕಿನ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೀಟಿದರೆ ನನ್ನ ಕೋಣೆಯ ಕಬ್ಬಿಣದ ಬೀರು ಅದುರುತ್ತದೆ. ಮೊದಲನೇ ಫ್ರೆಟ್‌ಗೆ ಅಷ್ಟು ಅದುರುವುದಿಲ್ಲ, ಐದನೆಯದಕ್ಕೆ ಸುಮ್ಮನಿರುತ್ತದೆ. ಎರಡನೆಯದನ್ನು ಮುಟ್ಟಿದ್ದೇ ತಡ, ಬೀರುವಿನ ಬಾಗಿಲು, ಅದಕ್ಕೆ ನೇತುಬಿದ್ದ ಕೀ ಗೊಂಚಲು, ಮೇಲಿಟ್ಟ ಸೂಟ್‌ಕೇಸಿನ ಹಿಡಿ ಎಲ್ಲವೂ ದನಿಗೂಡಿಸುತ್ತವೆ. ಆಂಪನ್ನು, ಅಂದರೆ ದನಿ ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆಯನ್ನು, ಮೂಲೆಗೆ ಸರಿಸಿದರೆ ಇನ್ನೂ ಜೋರು.

ಇದಕ್ಕೆ ಕಾರಣ ಕೋಣೆಯ ಅಳತೆ ಎಂದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಫ್ರೆಟ್‌ನಲ್ಲಿ ಬರುವ ಸ್ವರ ಎಫ್ ಶಾರ್ಪ್, ಸೆಕೆಂಡಿಗೆ ಸುಮಾರು 46 ಕಂಪನ, ಅಂದರೆ 46 ಹರ್ಟ್ಜ್. ನನ್ನ ಕೋಣೆ 12 ಅಡಿ ಉದ್ದ. 12 ಅಡಿ ದೂರದಲ್ಲಿ ಎದುರುಬದುರು ನಿಂತ ಎರಡು ಗೋಡೆಗಳ ನಡುವೆ ಹೋಗಿ ಬರುವ ಶಬ್ದ ತಾನೇ ತಾನಾಗಿ ಬಲಗೊಳ್ಳುವುದು ಹೆಚ್ಚುಕಡಿಮೆ 47 ಹರ್ಟ್ಜ್‌ನಲ್ಲಿ. ಆ ಒಂದು ಸ್ವರಕ್ಕೆ ಗೋಡೆಗಳೂ ನನ್ನ ಜೊತೆ ನುಡಿಸುತ್ತವೆ. ಬರೀ ತೆರೆದ ಇ ತಂತಿಯನ್ನು ಮೀಟಿದರೆ 41 ಹರ್ಟ್ಜ್. ಅದರ ಒಂದು ಅಲೆಯ ಉದ್ದವೇ ಎಂಟು ಮೀಟರಿಗಿಂತ ಹೆಚ್ಚು. ಒಂದು ಪೂರ್ತಿ ಅಲೆ ಹಿಡಿಸುವಷ್ಟು ಜಾಗ ನನ್ನ ಬಾಡಿಗೆ ಮನೆಯ ಯಾವ ಕೋಣೆಯಲ್ಲೂ ಇಲ್ಲ. ಕೆಳಗಿನ ಮನೆಯ ಓನರ್ ಆಂಟಿಗೆ ನನಗಿಂತ ಚೆನ್ನಾಗಿ ನನ್ನ ಬೇಸ್ ಕೇಳಿಸುವುದು ಅದಕ್ಕೇ ಇರಬೇಕು. ರಾತ್ರಿ ಎಂಟರ ಮೇಲೆ ಹೆಡ್‌ಫೋನ್ ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ.

ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಬೇಸ್ ಕೇಳಿಸುತ್ತಿದೆ ಎನ್ನುತ್ತೇವಲ್ಲ, ಆ ಪುಟ್ಟ ಸ್ಪೀಕರಿಗೆ 41 ಹರ್ಟ್ಜ್ ಹೊರಡಿಸುವ ಶಕ್ತಿಯೇ ಇಲ್ಲ. ಅಲ್ಲಿಂದ ಬರುವುದು ಅದರ ಹಲವು ಪಟ್ಟಿರುವ ಮೇಲಿನ ಕಂಪನಗಳು ಮಾತ್ರ. ಅವನ್ನು ಕೇಳಿಸಿಕೊಂಡ ಮಿದುಳು ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಇಷ್ಟು ವರ್ಷ ಕೇಳಿದ ಹಾಡುಗಳ ತಳ ನನ್ನ ತಲೆಯೊಳಗೇ ತಯಾರಾಗುತ್ತಿತ್ತು ಎಂದು ಗೊತ್ತಾದ ಮೇಲೆ ಹಳೆಯ ಹಾಡುಗಳನ್ನೆಲ್ಲ ಒಳ್ಳೆಯ ಸ್ಪೀಕರಿನಲ್ಲಿ ಮತ್ತೆ ಕೇಳುವ ಕೆಲಸ ಹಚ್ಚಿಕೊಂಡಿದ್ದೇನೆ.

ಬೇಸ್ ಕಲಿಯಬೇಕೆಂದು ನಾನು ಕನಸು ಕಂಡವನಲ್ಲ. ಆಫೀಸಿನಲ್ಲಿ ಇಬ್ಬರು ಗಿಟಾರ್ ನುಡಿಸುವವರಿದ್ದರು, ಒಬ್ಬ ಡ್ರಮ್ಮರ್ ಇದ್ದ, ಚೆನ್ನಾಗಿ ಹಾಡುವ ಒಬ್ಬಳಿದ್ದಳು. ಬೇಸ್ ಹಿಡಿಯುವವರು ಯಾರೂ ಇರಲಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನಾನು ಒಂದಷ್ಟು ಕಾಲ ಮೃದಂಗ ಕಲಿತಿದ್ದು ಡ್ರಮ್ಮರ್‌ಗೆ ಗೊತ್ತಿತ್ತು. "ಗುರು, ನಿಂಗೆ ತಾಳ ತಪ್ಪಲ್ಲ. ಬೇಸ್ ನೀನೇ ಹಿಡಿ, ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ" ಅಂದ. ಹೀಗೆ ಶುರುವಾದದ್ದು.

ಆಮೇಲೆ ಬೇಸ್ ನುಡಿಸುವವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕೂತಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ದೊಡ್ಡ ದೊಡ್ಡವರೂ ಎಷ್ಟೋ ಮಂದಿ ಇದಕ್ಕೆ ಬಂದದ್ದು ಹೀಗೇ, ಯಾರೋ ಒಬ್ಬರು ಇಲ್ಲದ ಜಾಗಕ್ಕೆ. ಬೀಟಲ್ಸ್ ತಂಡದಲ್ಲಿ ಬೇಸ್ ಹಿಡಿದಿದ್ದವರು ಸ್ಟುವರ್ಟ್ ಸಟ್‌ಕ್ಲಿಫ್. 1961ರಲ್ಲಿ ಅವರು ತಂಡ ಬಿಟ್ಟು, ಆಗ ತಂಡ ನುಡಿಸುತ್ತಿದ್ದ ಜರ್ಮನಿಯ ಹ್ಯಾಂಬರ್ಗಿನಲ್ಲೇ ಉಳಿದರು. ಬೇಸ್ ಯಾರಿಗೂ ಬೇಕಿರಲಿಲ್ಲ, ಪಾಲ್ ಮೆಕಾರ್ಟ್ನಿ ಎತ್ತಿಕೊಂಡರು. ಅಲ್ಲೇ ಅವರು ಕೊಂಡ ಹಾಫ್ನರ್ ಬೇಸ್ ಪಿಟೀಲಿನ ಆಕಾರದ್ದು. ಎರಡೂ ಬದಿ ಒಂದೇ ಸಮ ಇದ್ದುದರಿಂದ ಎಡಗೈಯವರಾದ ಅವರು ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಕಳುವಾದ ಆ ವಾದ್ಯ ಐವತ್ತು ವರ್ಷ ದಾಟಿದ ಮೇಲೆ ಅವರ ಕೈಗೆ ಮರಳಿತು. 2024ರಲ್ಲಿ ಆ ಸುದ್ದಿ ಓದಿದಾಗ ನಮ್ಮ ಮನೆಯದೇ ಏನೋ ಸಿಕ್ಕಿದಷ್ಟು ಸಂತೋಷಪಟ್ಟೆ.

ಲ್ಯಾರಿ ಗ್ರಹಾಂ ತಮ್ಮ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದವರು. ತಂಡದಲ್ಲಿ ಡ್ರಮ್ಮರ್ ಇಲ್ಲದಾದಾಗ ಆ ಕೊರತೆಯನ್ನೂ ಬೇಸಿನಲ್ಲೇ ತುಂಬಲು ಹೊರಟರು. ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್ಮಿನ ಜಾಗಕ್ಕೆ ಹೆಬ್ಬೆರಳಿನಿಂದ ತಂತಿಯನ್ನು ಬಡಿದರು, ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಜಾಗಕ್ಕೆ ಇನ್ನೊಂದು ಬೆರಳಿನಿಂದ ತಂತಿಯನ್ನು ಎಳೆದು ಬಿಟ್ಟರು. ಇವತ್ತು ಜಗತ್ತೆಲ್ಲ ಸ್ಲ್ಯಾಪ್ ಎಂದು ಕಲಿಯುವ ಶೈಲಿ ಬೆಳೆದದ್ದು ಅಲ್ಲಿಂದ. ಕ್ಯಾರೊಲ್ ಕೇ ಲಾಸ್ ಏಂಜಲೀಸಿನಲ್ಲಿ ಜಾಝ್ ಗಿಟಾರ್ ನುಡಿಸುತ್ತಿದ್ದರು. 1963ರ ಸುಮಾರಿಗೆ ಒಂದು ರೆಕಾರ್ಡಿಂಗಿಗೆ ಬರಬೇಕಿದ್ದ ಬೇಸ್ ವಾದಕ ಬರಲಿಲ್ಲ, ಇವರನ್ನು ಕೂರಿಸಿದರು. ಅಲ್ಲಿಂದ ಮುಂದೆ ಅವರು ನುಡಿಸಿದ ಧ್ವನಿಮುದ್ರಣಗಳು ಸಾವಿರಗಟ್ಟಲೆ. ಫ್ಲಾರಿಡಾದ ಜಾಕೊ ಪಸ್ಟೋರಿಯಸ್ ಹುಡುಗನಾಗಿದ್ದಾಗ ಡ್ರಮ್ ಬಾರಿಸುತ್ತಿದ್ದರು. ಆಟದಲ್ಲಿ ಮಣಿಕಟ್ಟಿಗೆ ಪೆಟ್ಟಾಗಿ ಡ್ರಮ್ ಕಷ್ಟವಾಯಿತು, ಅದೇ ಹೊತ್ತಿಗೆ ತಂಡದ ಬೇಸ್ ವಾದಕ ಹೊರಟುಹೋದ, ಜಾಗ ಇವರಿಗೆ ಬಂತು. ಮುಂದೆ ಅವರು ತಮ್ಮ 1962ರ ಫೆಂಡರ್ ಕಂಪನಿಯ ಜಾಝ್ ಬೇಸಿನ ಫ್ರೆಟ್‌ಗಳು ಕಿತ್ತ ನೆಕ್ಕಿಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದು ನುಡಿಸಿದರು. 1976ರಲ್ಲಿ ಬಂದ ಅವರ ಮೊದಲ ಆಲ್ಬಂ ಕೇಳಿದಾಗ ಸ್ವರದಿಂದ ಸ್ವರಕ್ಕೆ ಜಾರುವ ಆ ಪರಿ ಕರ್ನಾಟಕ ಸಂಗೀತ ಕೇಳಿ ಬೆಳೆದ ನನ್ನ ಕಿವಿಗೆ ತೀರ ಹತ್ತಿರದ್ದೆನಿಸಿತು. ಜಾರು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಅಲ್ಲಿತ್ತು, ಇಷ್ಟು ಕೆಳಗಿನ ಸ್ಥಾಯಿಯಲ್ಲಿ.

ಇವರ ಸಾಲಿನಲ್ಲಿ ನಾನಿದ್ದೇನೆ ಎಂದು ಹೇಳುತ್ತಿಲ್ಲ. ತಂಡಕ್ಕೆ ಬೇಕಾಗಿದೆ ಎಂಬ ಒಂದೇ ಕಾರಣಕ್ಕೆ ಕೈಗೆತ್ತಿಕೊಂಡದ್ದರ ಮೇಲೂ ಪ್ರೀತಿ ಹುಟ್ಟುತ್ತದೆ, ಅದು ಎಷ್ಟು ಆಳಕ್ಕೆ ಬೇಕಾದರೂ ಇಳಿಯುತ್ತದೆ ಎಂಬುದಕ್ಕೆ ಇವರೆಲ್ಲ ಸಾಕ್ಷಿ. ನನಗೆ ಧೈರ್ಯ ಬಂದದ್ದು ಅದರಿಂದ.

ವಾದ್ಯ ಹುಟ್ಟಿದ್ದೂ ಒಂದು ಕೊರತೆಯಿಂದಲೇ. ಅದಕ್ಕೆ ಮೊದಲು ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಕಾರಿನಲ್ಲಿ ಹಿಡಿಸದು, ಡ್ರಮ್ಮು ತುತ್ತೂರಿಗಳ ನಡುವೆ ಕೇಳಿಸದು, ಫ್ರೆಟ್ ಇಲ್ಲದ್ದರಿಂದ ಶ್ರುತಿ ಹಿಡಿಯಲು ವರ್ಷಗಟ್ಟಲೆ ಸಾಧನೆ ಬೇಕು. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ ಎಂಬವರು 1930ರ ದಶಕದಲ್ಲೇ ಗಿಟಾರಿನ ಹಾಗೆ ಅಡ್ಡ ಹಿಡಿಯುವ, ಫ್ರೆಟ್ ಇರುವ ವಿದ್ಯುತ್ ಬೇಸ್ ಮಾಡಿದ್ದರು, ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾರಾಟಕ್ಕಿಟ್ಟ ಮೇಲೆ ಎಲ್ಲ ಬದಲಾಯಿತು. ಲಿಯೋ ಫೆಂಡರ್ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿದ್ದು ಈ ವಿಷಯವೇ. ತಾವು ನುಡಿಸದ ವಾದ್ಯವನ್ನು ನುಡಿಸುವವರ ಮಾತು ಕೇಳಿ ಕೇಳಿ ಮಾಡಿದರು. ಅಂಗಡಿಗೆ ಬರುವ ಸಂಗೀತಗಾರರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ತಿದ್ದಿ, ಮತ್ತೆ ಕೊಟ್ಟರು. ಗಿಟಾರಿಗೆ 25.5 ಇಂಚು, ಡಬಲ್ ಬೇಸಿಗೆ 41-42 ಇಂಚು ಇರುವ ತಂತಿಯ ಉದ್ದವನ್ನು ಇದಕ್ಕೆ 34 ಇಂಚು ಎಂದು ನಿಲ್ಲಿಸಿದರು. ಇವತ್ತಿಗೂ ಜಗತ್ತಿನ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ಯಮಹಾ ಟಿಆರ್‌ಬಿಎಕ್ಸ್ 174ರದ್ದೂ 34 ಇಂಚೇ.

ಈ ಯಮಹಾದ ಮೇಲೆ ನನಗೆ ತುಂಬ ಅಭಿಮಾನ. ಕಪ್ಪು ಬಣ್ಣ, ಹಿಂದಿನ ಮಾಲೀಕನ ಬೆಲ್ಟ್ ಬಕಲ್ ಉಜ್ಜಿ ಬೆನ್ನಿನ ಮೇಲೆ ಸಣ್ಣ ಗೀರುಗಳು. ನೆಕ್ಕಿನ ಹತ್ತಿರ ಎರಡು ತುಂಡಾದ ಪಿಕಪ್, ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಕಡೆಗೆ ಒಂದು ಒಂಟಿ ಪಿಕಪ್. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣದಾಗಿ ವಿದ್ಯುತ್ ಹರಿಯುತ್ತದೆ. ಕಷ್ಟ ಏನೆಂದರೆ, ಮನೆಯ ವೈರಿಂಗಿನ 50 ಹರ್ಟ್ಜ್ ಗುಂಯ್ ಶಬ್ದವನ್ನೂ ಆ ಸುರುಳಿ ಹಿಡಿದುಕೊಳ್ಳುತ್ತದೆ. 1957ರಲ್ಲಿ ಪ್ರಿಸಿಷನ್ ಬೇಸಿಗೆ ಬಂದ ಎರಡು ತುಂಡಿನ ಪಿಕಪ್ ಇದಕ್ಕೆ ಉತ್ತರ. ಒಂದು ತುಂಡು ಇ ಮತ್ತು ಎ ತಂತಿಗಳ ಕೆಳಗೆ, ಇನ್ನೊಂದು ಡಿ ಮತ್ತು ಜಿ ತಂತಿಗಳ ಕೆಳಗೆ. ಎರಡರ ಸುತ್ತೂ ಒಂದಕ್ಕೊಂದು ವಿರುದ್ಧ, ಅಯಸ್ಕಾಂತದ ದಿಕ್ಕೂ ವಿರುದ್ಧ. ಹೊರಗಿನಿಂದ ನುಗ್ಗಿದ ಗುಂಯ್ ಎರಡರಲ್ಲೂ ತಿರುಗುಮುರುಗಾಗಿ ಬಂದು ಅಳಿಸಿಹೋಗುತ್ತದೆ, ತಂತಿಯ ನಾದ ಉಳಿಯುತ್ತದೆ. ನನ್ನ ಮನೆಯ ಸಾಕೆಟ್‌ಗಳ ಅರ್ಥಿಂಗ್ ಅಷ್ಟಕ್ಕಷ್ಟೆ. ಒಂಟಿ ಪಿಕಪ್ಪಿನಿಂದ ಆ ಜೋಡಿಗೆ ಹೊರಳಿದ ಕ್ಷಣ ಗುಂಯ್ ನಿಲ್ಲುವುದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ.

ಆಂಪಿನ ಕಥೆ ನನಗೆ ವಾದ್ಯದ ಕಥೆಗಿಂತಲೂ ಇಷ್ಟ. ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಮಂದ. ಗಿಟಾರಿನಷ್ಟೇ ಜೋರಾಗಿ ಬೇಸ್ ಕೇಳಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ ಬೇಕು, ಹೆಚ್ಚು ಗಾಳಿ ತಳ್ಳುವ ಸ್ಪೀಕರ್ ಬೇಕು. 1940ರ ದಶಕದಲ್ಲಿ ಎವರೆಟ್ ಹಲ್ ಎಂಬ ಅಮೆರಿಕದ ಬೇಸ್ ವಾದಕರು ತಮ್ಮ ಡಬಲ್ ಬೇಸ್ ಯಾರಿಗೂ ಕೇಳಿಸುತ್ತಿಲ್ಲವೆಂದು ಅದು ನೆಲಕ್ಕೂರುವ ಮೊಳೆಯೊಳಗೆ ಮೈಕ್ ಕೂರಿಸಿದರು. ಆಂಪೆಗ್ ಕಂಪನಿ ಬೆಳೆದದ್ದು ಅದರಿಂದ. 1960ರಲ್ಲಿ ಅವರ ಬಿ-15 ಬಂತು. ಕೆಲಸ ಮುಗಿದ ಮೇಲೆ ಮೇಲಿನ ಆಂಪನ್ನು ತಲೆಕೆಳಗು ಮಾಡಿ ಸ್ಪೀಕರ್ ಪೆಟ್ಟಿಗೆಯೊಳಕ್ಕೇ ಮಡಚಿ ಮುಚ್ಚಿಬಿಡಬಹುದು. ಅದರ ಚಿತ್ರ ನೋಡುವುದೇ ಒಂದು ಸುಖ. 1969ರಲ್ಲಿ ಎಸ್‌ವಿಟಿ ಬಂತು: ವಾಲ್ವುಗಳ 300 ವ್ಯಾಟ್ ಆಂಪ್, ಹತ್ತಿಂಚಿನ ಎಂಟೆಂಟು ಸ್ಪೀಕರುಗಳ ಪೆಟ್ಟಿಗೆಗಳು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಅಮೆರಿಕದ ಪ್ರವಾಸಕ್ಕೆ ಒಯ್ದಿತು. ಆ ಪೆಟ್ಟಿಗೆಯನ್ನು ಎಲ್ಲರೂ ಕರೆಯುವುದು ಫ್ರಿಜ್ ಎಂದೇ. ಸಾಗಿಸುವವರ ಕಷ್ಟವೂ ಅದೇ ಮಟ್ಟದ್ದು.

ಫೆಂಡರ್ ತನ್ನ ಬೇಸಿಗೆಂದು 1952ರಲ್ಲಿ ಬೇಸ್‌ಮನ್ ಎಂಬ ಆಂಪ್ ತಂದಿತು. ಮುಂದೆ ಅದರ ನಾಲ್ಕು ಸ್ಪೀಕರಿನ ಮಾದರಿಯನ್ನು ಗಿಟಾರಿನವರೇ ಹಾರಿಸಿಕೊಂಡು ಹೋದರು, ಜೋರು ಮಾಡಿದಾಗ ಅದು ಹರಿದ ದನಿ ಕೊಡುವ ಬಗೆ ಅವರಿಗೆ ಅಷ್ಟು ಹಿಡಿಸಿತು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಮಾಡಿದ ಮೊದಲ ಆಂಪ್ ಈ ಬೇಸ್‌ಮನ್ ಸರ್ಕ್ಯೂಟನ್ನೇ ಮುಂದಿಟ್ಟುಕೊಂಡು ಮಾಡಿದ್ದು. ರಾಕ್ ಗಿಟಾರಿನ ಗರ್ಜನೆ ಎಂದು ಲೋಕ ಯಾವುದನ್ನು ಕೊಂಡಾಡುತ್ತದೋ ಅದು ಬೇಸಿನ ಆಂಪಿನಿಂದ ಹೊರಟ ದನಿ. ನಮ್ಮ ತಂಡದ ಗಿಟಾರಿನ ಇಬ್ಬರಿಗೂ ಇದನ್ನು ಬಿಡಿಸಿ ಹೇಳಿದ್ದೇನೆ.

ನನ್ನ ಹತ್ತಿರ ಇರುವುದು 25 ವ್ಯಾಟಿನ, ಎಂಟು ಇಂಚಿನ ಸ್ಪೀಕರಿನ ಪುಟ್ಟ ಆಂಪ್. ಮನೆಗೆ ಧಾರಾಳ. ಡ್ರಮ್ಮಿನ ಎದುರು ಅದರ ದನಿ ಮೇಲೇಳುವುದಿಲ್ಲ, ಆದ್ದರಿಂದ ತಂಡ ಸೇರುವುದು ಜಾಮ್ ರೂಮಿನಲ್ಲಿ. ಗಂಟೆಗಿಷ್ಟು ಎಂದು ಬಾಡಿಗೆ, ಗೋಡೆಗೆಲ್ಲ ಸ್ಪಾಂಜು, ಬಾಗಿಲು ಮುಚ್ಚಿದರೆ ಹೊರಗಿನ ಬೆಂಗಳೂರು ಪೂರ್ತಿ ಇಲ್ಲವಾಗುತ್ತದೆ. ಅಲ್ಲಿನ ಕೇಬಲ್ಲುಗಳನ್ನು ನಂಬುವ ಹಾಗಿಲ್ಲ. ಎಸ್.ಪಿ. ರೋಡಿನಲ್ಲಿ ಒಳ್ಳೆಯ ಜ್ಯಾಕ್, ಮೀಟರ್ ಲೆಕ್ಕದಲ್ಲಿ ಶೀಲ್ಡೆಡ್ ವೈರ್ ತಂದು ನಾನೇ ಬೆಸುಗೆ ಹಾಕಿ ಮಾಡಿಕೊಂಡಿದ್ದೇನೆ. ಜ್ಯಾಕಿನ ಒಳಗೆ ನಡುವಿನ ಎಳೆ ತುದಿಗೆ, ಸುತ್ತಲಿನ ಜಾಲರಿ ತೋಳಿಗೆ. ಬೆಸುಗೆ ಆರಿ ಮಿರಿಮಿರಿ ಹೊಳೆದರೆ ಕೂತಿದೆ ಎಂದರ್ಥ, ಮಂಕಾಗಿ ಕಂಡರೆ ಮತ್ತೆ ಕಾಯಿಸಬೇಕು.

ಇನ್ನು ನನಗೆ ಕಲಿಸುತ್ತಿರುವವರ ವಿಷಯಕ್ಕೆ ಬರಬೇಕು.

ಸರ್ ಮೈಸೂರಿನವರು. ಎಂಬತ್ತು, ತೊಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿದವರು. ಗಣೇಶನ ಹಬ್ಬದಿಂದ ಶುರುವಾಗಿ ರಾಜ್ಯೋತ್ಸವದ ತನಕ ಬಿಡುವಿಲ್ಲದಷ್ಟು ಕಾರ್ಯಕ್ರಮ, ಮಂಡ್ಯ, ಚಾಮರಾಜನಗರ, ಹಾಸನ ಎಂದು ಮೆಟಡಾರ್ ವ್ಯಾನಿನಲ್ಲಿ ಓಡಾಟ. ಹಾಡುಗಳಿಗೆ ನೊಟೇಶನ್ ಎಲ್ಲಿ ಸಿಗಬೇಕು? ಕ್ಯಾಸೆಟ್ ಹಾಕಿ, ಎರಡು ಸಾಲು ಕೇಳಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ ಬೇಸಿನ ದಾರಿ ಹಿಡಿಯುತ್ತಿದ್ದರಂತೆ. ಟೇಪ್ ಸವೆದು ಎಳೆಯತೊಡಗಿದರೆ ಹಾಡಿನ ಶ್ರುತಿಯೇ ಇಳಿದುಬಿಡುತ್ತಿತ್ತು, ಆಗ ಮನಸ್ಸಿನಲ್ಲೇ ಏರಿಸಿಕೊಂಡು ಕಲಿಯಬೇಕು. ಆಮೇಲೆ ಕೀಬೋರ್ಡುಗಳು ಬಂದವು. ಎಡಗೈಯಲ್ಲೇ ಬೇಸ್ ಒತ್ತಿಬಿಡಬಹುದು ಎಂದಾದಾಗ, ಒಂದು ಪೇಮೆಂಟ್ ಉಳಿಯಿತೆಂದು ತಂಡಗಳು ಮೊದಲು ಕೈಬಿಟ್ಟದ್ದು ಬೇಸಿನವರನ್ನು. ಸರ್ ಇದನ್ನು ಬೇಸರವಿಲ್ಲದೆ ಹೇಳುತ್ತಾರೆ. ನನಗೆ ಬೇಸರವಾಗುತ್ತದೆ. ಊರೂರಿನ ಪೆಂಡಾಲುಗಳಲ್ಲಿ ಅಷ್ಟು ಜನರ ಎದೆಗೆ ನೇರ ತಾಗಿದ ನಾದ ಅದು, ಅದನ್ನು ನುಡಿಸಿದವರ ಹೆಸರು ಬ್ಯಾನರಿನ ಮೇಲೆ ಇರುತ್ತಿರಲಿಲ್ಲ.

ಮೊದಲ ಪಾಠಕ್ಕೆ ಕೂತಾಗ ನಾನು ಏನೆಲ್ಲ ಕಲಿಯಬೇಕೆಂದಿದ್ದೇನೆ ಎಂದು ಹೇಳಿಕೊಂಡೆ. ಎಲ್ಲ ಕೇಳಿಸಿಕೊಂಡು ಸರ್ ಲಯ ತಪ್ಪದಂತೆ ಟಕ್ ಟಕ್ ಎನ್ನುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟರು. "ಒಂದೇ ಸ್ವರ ನುಡ್ಸಪ್ಪ. ಒಂದಕ್ಕೆ ಶುರು ಮಾಡು, ಎರಡಕ್ಕೆ ನಿಲ್ಸು. ಎರಡರ ಹತ್ರ ಅಲ್ಲ, ಎರಡಕ್ಕೆ."

ಕೇಳಿದರೆ ಸುಲಭ. ಮಾಡಲು ಕೂತರೆ ಬೆರಳುಗಳೆಲ್ಲ ಎಚ್ಚೆತ್ತುಕೊಳ್ಳಬೇಕು. ಎಡಗೈ ಬೆರಳು ಫ್ರೆಟ್ಟಿನ ಲೋಹಕ್ಕೆ ತಾಗಿದಂತೆ ಹಿಂದೆಯೇ ಕೂರಬೇಕು. ತುಸು ಹಿಂದೆ ಸರಿದರೂ ಝರ್ ಎನ್ನುತ್ತದೆ, ಮೇಲೆ ಹತ್ತಿದರೆ ದನಿ ಸತ್ತುಹೋಗುತ್ತದೆ. ಬಲಗೈಯ ತೋರುಬೆರಳು ತಂತಿಯನ್ನು ಮೇಲಕ್ಕೆತ್ತದೆ ಅಡ್ಡಕ್ಕೆ ತಳ್ಳಿಕೊಂಡು ಹೋಗಿ ಪಕ್ಕದ ತಂತಿಯ ಮೇಲೆ ವಿಶ್ರಮಿಸಬೇಕು. ಮುಂದಿನ ಸ್ವರಕ್ಕೆ ನಡುಬೆರಳು, ಮತ್ತೆ ತೋರುಬೆರಳು, ಎರಡರ ತೂಕವೂ ಒಂದೇ. ಇನ್ನು ನಿಲ್ಲಿಸುವುದು. ಒತ್ತಿದ ಬೆರಳನ್ನು ಸಡಿಲಿಸಬೇಕು, ತಂತಿಯಿಂದ ಎತ್ತಬಾರದು. ಎತ್ತಿದರೆ ತೆರೆದ ತಂತಿ ತಾನೇ ಮಾತಾಡುತ್ತದೆ. ಸಡಿಲಿಸಿದ ಬೆರಳು ಹಾಗೇ ತಂತಿಗೆ ತಾಗಿಕೊಂಡಿದ್ದರೆ ಕಂಪನ ಅಲ್ಲಿಗೇ ನಿಲ್ಲುತ್ತದೆ. ಈ ನಡುವೆ ಮೀಟದೇ ಬಿಟ್ಟ ಮಿಕ್ಕ ಮೂರು ತಂತಿಗಳು ಸಹಕಂಪನದಿಂದ ಗುನುಗುತ್ತಿರುತ್ತವೆ, ಅವನ್ನು ಬಲಗೈ ಹೆಬ್ಬೆರಳು ಮತ್ತು ಎಡಗೈಯ ಖಾಲಿ ಬೆರಳುಗಳು ಮೆತ್ತಗೆ ಮುಟ್ಟಿ ಹಿಡಿದಿರಬೇಕು. ಒಂದು ಸ್ವರ ನುಡಿಯುವಾಗ ಎರಡೂ ಕೈ ಸೇರಿ ಮಾಡುವ ಕೆಲಸದಲ್ಲಿ ಹೆಚ್ಚು ಪಾಲು ಬೇರೆಯವನ್ನು ಸುಮ್ಮನಿರಿಸುವುದೇ.

ಸ್ವರ ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಹಾಡಿನ ನಡಿಗೆಯೇ ನಿಂತಿದೆ ಎಂದು ಗೊತ್ತಾದದ್ದು ತಂಡದ ಜೊತೆ ನುಡಿಸಿದಾಗ. ಅದೇ ಸ್ವರಗಳು, ಅದೇ ವೇಗ. ಸ್ನೇರ್ ಬೀಳುವ ತನಕ ಎಳೆದರೆ ಹಾಡು ಭಾರವಾಗಿ ಸಾಗುತ್ತದೆ, ಸ್ನೇರಿಗೆ ಕೂದಲೆಳೆ ಮೊದಲು ನಿಲ್ಲಿಸಿದರೆ ಪುಟಿಯುತ್ತದೆ. ಹಾಡುವವಳು ತಿರುಗಿ ನೋಡಿ ನಕ್ಕಳು. ಅವಳ ಸಾಲಿಗೆ ಉಸಿರಾಡಲು ಜಾಗ ಸಿಕ್ಕಿತ್ತು. ಇದನ್ನು ನಾನು ಮನೆಯಲ್ಲಿ ಒಬ್ಬನೇ ಕೂತು ಎಷ್ಟು ಕಾಲ ಅಭ್ಯಾಸ ಮಾಡಿದರೂ ಕಲಿಯುತ್ತಿರಲಿಲ್ಲ. ಹದಿನಾರರ ಲೆಕ್ಕದ ನಡೆಗಳನ್ನು ಈಗಲೂ ಬಾಯಲ್ಲಿ ತಕಧಿಮಿ ಹೇಳಿಕೊಂಡೇ ಕೂರಿಸುತ್ತೇನೆ. ಕಿಕ್ (ಕಾಲಿನ ಬಾಸ್ ಡ್ರಮ್) ಬೀಳುವುದು ತ ಮೇಲೋ ಮಿ ಮೇಲೋ ಎಂದು ತಿಳಿದರೆ ಬೆರಳಿಗೆ ದಾರಿ ಕಾಣುತ್ತದೆ. "ಡ್ರಮ್ಮರ್ ಕೈ ನೋಡ್ಬೇಡ, ಕಾಲು ನೋಡು" ಎಂದು ಸರ್ ಹೇಳುತ್ತಿರುತ್ತಾರೆ. ಕೈ ಸಿಂಬಲ್ಲಿಗೆ ಹೋಗಿ ಅಲಂಕಾರ ಮಾಡುತ್ತಿರುತ್ತದೆ, ಬೇಸಿನ ಜೊತೆಗಾರ ಕಿಕ್ ಒತ್ತುವ ಆ ಬಲಗಾಲು. ಮುಂಬೈಯ ಬೇಸ್ ವಾದಕಿ ಮೋಹಿನಿ ಡೇ ಕೊನ್ನಕ್ಕೋಲ್ (ಬಾಯಲ್ಲಿ ಹೇಳುವ ತಾಳದ ಸೊಲ್ಲು) ಹೇಳುತ್ತ ಅದೇ ಸೊಲ್ಲುಗಳನ್ನು ಬೇಸಿನಲ್ಲಿ ನುಡಿಸುವುದನ್ನು ನೋಡಿದಾಗಲಂತೂ ಮೃದಂಗದ ಪಾಠ ಅರ್ಧಕ್ಕೆ ನಿಂತಿರಲಿಲ್ಲ, ಬೇರೆ ದಾರಿಯಲ್ಲಿ ಮುಂದುವರಿಯುತ್ತಿದೆ ಅನ್ನಿಸಿತು.

ಸರ್ ಎರಡನೇ ಪಾಠವಾಗಿ ಕೊಟ್ಟದ್ದು ಇಳಯರಾಜ. "ಇವರ ಹಾಡಲ್ಲಿ ಬೇಸ್ ಮಾತ್ರ ಕೇಳು, ಬೇರೆ ಏನೂ ಕೇಳ್ಬೇಡ. ಅದೇ ಒಂದು ಹಾಡು." 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ನಾವೆಲ್ಲ ಮನೆಯಲ್ಲಿ ಗುನುಗಿಕೊಂಡು ಬೆಳೆದ ಹಾಡುಗಳು. ಅವನ್ನು ಬೇಸಿನ ಹಿಂದೆ ಹೋಗುತ್ತ ಕೇಳುವುದು ಒಂದು ಊರನ್ನು ಹಿತ್ತಿಲ ದಾರಿಯಿಂದ ಹೊಕ್ಕ ಹಾಗಿತ್ತು. ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲ ಸ್ವರವನ್ನು ಹಿಡಿದು ಡುಂ ಡುಂ ಎನ್ನುವುದಷ್ಟೇ ಅಲ್ಲಿ ಬೇಸಿನ ಕೆಲಸವಲ್ಲ. ಹಾಡುವವರು ನಿಂತಲ್ಲಿ ಅದು ಚಲಿಸುತ್ತದೆ, ಅವರು ಏರುವಾಗ ಎದುರು ದಿಕ್ಕಿನಲ್ಲಿ ಇಳಿಯುತ್ತದೆ, ಪಲ್ಲವಿಗೆ ಮರಳುವ ಮೊದಲು ನಾಲ್ಕು ಸ್ವರಗಳಲ್ಲಿ ಮೆಟ್ಟಿಲು ಕಟ್ಟಿಕೊಡುತ್ತದೆ. ಪ್ರತಿ ವಾದ್ಯದ ಭಾಗವನ್ನೂ ಇಳಯರಾಜ ಕೈಯಾರೆ ಬರೆದೇ ಕೊಡುತ್ತಾರೆ. ಅವರ ವಾದ್ಯವೃಂದದಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದವರು ಶಶಿಧರನ್. ಆ ಹೆಸರು ನನಗೆ ಗೊತ್ತಾದದ್ದು ಬೇಸ್ ಹಿಡಿದ ಮೇಲೆ. ನಾನು ಚಿಕ್ಕಂದಿನಲ್ಲಿ ತಿರುಗಿಸಿ ತಿರುಗಿಸಿ ಓದುತ್ತಿದ್ದ ಕ್ಯಾಸೆಟ್ ಕವರುಗಳ ಮೇಲೆ ಅದು ಇರಲಿಲ್ಲ.

ಇದೇ ಅನ್ಯಾಯ ಡೆಟ್ರಾಯ್ಟಿನಲ್ಲೂ ನಡೆದಿತ್ತು. ಮೋಟೌನ್ ಕಂಪನಿಯ ಹಾಡುಗಳು ಅರವತ್ತರ ದಶಕದಲ್ಲಿ ಅಮೆರಿಕವನ್ನೆಲ್ಲ ಕುಣಿಸಿದವು. ಅವುಗಳಲ್ಲಿ ಬಹುಪಾಲಿಗೆ ಬೇಸ್ ಜೇಮ್ಸ್ ಜೇಮರ್ಸನ್ ಅವರದ್ದು. ಬಲಗೈಯ ಒಂದೇ ಒಂದು ತೋರುಬೆರಳಿನಿಂದ ಅವರು ಅಷ್ಟೂ ನುಡಿಸಿದರು, ಆ ಬೆರಳಿಗೆ ಕೊಕ್ಕೆ ಎಂದೇ ಹೆಸರು ಬಿದ್ದಿತ್ತು. ಅವರ ವಾದ್ಯ 1962ರ ಪ್ರಿಸಿಷನ್ ಬೇಸ್. ನುಣ್ಣನೆಯ ಪಟ್ಟಿ ಸುತ್ತಿದ ದಪ್ಪ ತಂತಿಗಳು, ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಹಾಡುಗಳು ಜನಪ್ರಿಯತೆಯ ಪಟ್ಟಿಯ ತುದಿಗೇರುತ್ತಿದ್ದರೂ ರೆಕಾರ್ಡಿನ ಕವರಿನ ಮೇಲೆ ವಾದಕರ ಹೆಸರು ಹಾಕುವ ಪದ್ಧತಿ ಅಲ್ಲಿ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತಮ್ಮ ಆಲ್ಬಮ್ಮಿನಲ್ಲಿ ವಾದಕರ ಹೆಸರು ಕೊಟ್ಟಾಗ ಜೇಮರ್ಸನ್ ಹೆಸರೂ ಅಚ್ಚಾಯಿತು. 1983ರಲ್ಲಿ ಅವರು ತೀರಿಕೊಂಡರು. ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2000ದಲ್ಲಿ. ಸರ್‌ಗೆ ಇದನ್ನು ಹೇಳಿದೆ. ಹೆಡ್‌ಫೋನಿನಲ್ಲಿ ಜೇಮರ್ಸನ್ ನುಡಿಸಿದ್ದನ್ನು ಕೇಳಿಸಿದೆ. ಸುಮಾರು ಹೊತ್ತು ಕಣ್ಣು ಮುಚ್ಚಿ ಕೇಳಿ, "ಒಂದೇ ಬೆರಳಾ?" ಎಂದು ತಮ್ಮ ಬಲಗೈ ನೋಡಿಕೊಂಡರು. ಆಮೇಲೆ ನನ್ನ ಯಮಹಾ ತೆಗೆದುಕೊಂಡು ಒಂದೇ ಬೆರಳಿನಲ್ಲಿ ಆ ನಡೆಯನ್ನು ಹುಡುಕಲು ಕೂತುಬಿಟ್ಟರು. ಅವತ್ತಿನ ನನ್ನ ಪಾಠ ಅದೇ.

ಬೇಸಿನವರು ಬೇಸಿನವರನ್ನು ಕಂಡರೆ ಎಷ್ಟು ಬೇಗ ಹತ್ತಿರವಾಗುತ್ತಾರೆ ಎಂಬುದು ನನಗೆ ಈಗಲೂ ಆಶ್ಚರ್ಯ. ಕಾರ್ಯಕ್ರಮ ಮುಗಿದ ಮೇಲೆ ಜನ ಹಾಡಿದವರ ಸುತ್ತ ಸೇರಿದ್ದರೆ, ವೇದಿಕೆಯ ಪಕ್ಕದಲ್ಲಿ ಕೇಬಲ್ ಸುತ್ತುತ್ತಿರುವ ಬೇಸ್ ವಾದಕ ನಿಧಾನವಾಗಿ ಮಾತಿಗೆ ಸಿಗುತ್ತಾನೆ. ಯಾವ ತಂತಿ, ಎಷ್ಟು ಗೇಜು (ದಪ್ಪ), ಸುತ್ತು ಫ್ಲ್ಯಾಟೋ ರೌಂಡೋ, ಬೆರಳಾ ಪಿಕ್ಕಾ ಎಂದು ಶುರುವಾದರೆ ಸೌಂಡಿನವರು ಲೈಟ್ ಆರಿಸುವ ತನಕ ಮುಗಿಯುವುದಿಲ್ಲ. ಹೀಗೇ ಒಬ್ಬರು ತಂತಿ ಕುದಿಸುವುದನ್ನು ಹೇಳಿಕೊಟ್ಟರು. ಬೇಸಿನ ತಂತಿ ದುಬಾರಿ, ಬೆವರು ಜಿಡ್ಡು ಸುತ್ತುಗಳ ಸಂದಿಗೆ ಸೇರಿ ಕೆಲವು ತಿಂಗಳಲ್ಲಿ ದನಿ ಮಂಕಾಗುತ್ತದೆ. ಬಿಚ್ಚಿ ಸುರುಳಿ ಸುತ್ತಿ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ತೆಗೆದು, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ ಮತ್ತೆ ಏರಿಸಿದರೆ ಒಂದಷ್ಟು ಕಾಲ ಹೊಸದರ ಹಾಗೆ ಮಿನುಗುತ್ತದೆ. ಅದಕ್ಕೆಂದೇ ಒಂದು ಹಳೆಯ ಪಾತ್ರೆ ಎತ್ತಿಟ್ಟಿದ್ದೇನೆ.

ನಮ್ಮ ಡ್ರಮ್ಮರ್ 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿದವನು. ಆ ತಂಡವನ್ನು ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್ ವಾದಕರೇ. ಕುದುರೆ ಓಟದ ಆ ನಡೆಯನ್ನು ಅವರು ಪಿಕ್ ಇಲ್ಲದೆ ಬೆರಳುಗಳಲ್ಲೇ ಓಡಿಸುತ್ತಾರೆ. ಡ್ರಮ್ಮರ್ ಅದನ್ನು ತೊಡೆಯ ಮೇಲೆ ಬಾರಿಸಿ ತೋರಿಸುವಾಗ ಈಗಲೂ ಕಣ್ಣು ಅರಳುತ್ತದೆ. ನನ್ನ ಮೆಚ್ಚುಗೆ ಇನ್ನೂ ಹತ್ತಿರದವರ ಮೇಲೆ. ಬೆಂಗಳೂರಿನ ತಂಡಗಳಾದ ರಘು ದೀಕ್ಷಿತ್ ಪ್ರಾಜೆಕ್ಟಿನಲ್ಲಿ ಬೇಸ್ ನುಡಿಸಿದ ಗೌರವ್ ವಾಜ್, ಸ್ವರಾತ್ಮದಲ್ಲಿ ನುಡಿಸಿದ ಜಿಷ್ಣು ದಾಸ್‌ಗುಪ್ತ. ಶಿಶುನಾಳ ಷರೀಫರ ಪದದ ಕೆಳಗೆ ಬೇಸ್ ಎಲ್ಲಿ ನಡೆಯಬೇಕು, ಎಲ್ಲಿ ಪದಕ್ಕೆ ದಾರಿ ಬಿಟ್ಟು ನಿಲ್ಲಬೇಕು ಎಂದು ಕನ್ನಡದ ಹಾಡು ನುಡಿಸುವ ನನ್ನಂಥವನಿಗೆ ಕಲಿಯಲು ಡೆಟ್ರಾಯ್ಟಿಗಿಂತ ಇದು ಹತ್ತಿರದ ಶಾಲೆ. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಉಗಳಂಥ ಸ್ವರಾಕ್ಷರದಿಂದ ಮುಗಿಯುತ್ತವೆ, ಹಾಡುವಾಗ ಆ ಕೊನೆಯ ಅಕ್ಷರ ಎಳೆಯುತ್ತದೆ, ಅದರ ಕೆಳಗೆ ಬೇಸೂ ಎಳೆದರೆ ಎರಡೂ ಕಲಸಿಹೋಗುತ್ತವೆ. ಅಲ್ಲಿ ಚುಟುಕಾಗಿ ನುಡಿಸಬೇಕು ಎಂಬುದು ನನ್ನ ಈಗಿನ ಅಭಿಪ್ರಾಯ. ಸರ್ ಪೂರ್ತಿ ಒಪ್ಪಿಲ್ಲ.

ನವೆಂಬರಿನಲ್ಲಿ ನಮ್ಮ ಲೇಔಟಿನ ರಾಜ್ಯೋತ್ಸವಕ್ಕೆ ತಂಡದಿಂದ ಒಂದಷ್ಟು ಹಾಡು ನುಡಿಸುವುದೆಂದು ಮಾತಾಗಿದೆ. ವಿಜಯನಗರದ ಕಡೆ ಒಂದು ಜಾಮ್ ರೂಮಿನಲ್ಲಿ ಎಂಟು ಸ್ಪೀಕರಿನ ಫ್ರಿಜ್ ಇದೆಯೆಂದು ಡ್ರಮ್ಮರ್ ಪತ್ತೆ ಮಾಡಿಕೊಂಡು ಬಂದಿದ್ದಾನೆ, ಭಾನುವಾರ ಬೆಳಿಗ್ಗೆಗೆ ಬುಕ್ ಮಾಡಿದ್ದೇವೆ. ಸರ್‌ಗೆ ಫೋನ್ ಮಾಡಿ ಕರೆದೆ. ಅಷ್ಟು ದೊಡ್ಡ ಆಂಪಿಗೆ ಅವರು ಯಾವತ್ತೂ ವಾದ್ಯ ಸಿಕ್ಕಿಸಿಲ್ಲವಂತೆ. "ಬರ್ತೀನಪ್ಪ, ನಂದೂ ತರ್ತೀನಿ" ಅಂದರು. ಆರ್ಕೆಸ್ಟ್ರಾ ಕಾಲದ ಬೇಸ್ ಅದು, ಅಟ್ಟದಿಂದ ಇಳಿಸಿ ದನಿ ಏರಿಳಿಸುವ ತಿರುಗುಗುಂಡಿಗಳ ಪಾಟ್‌ಗಳಿಗೆ ಕ್ಲೀನರ್ ಹೊಡೆದು, ಸವೆದ ಜ್ಯಾಕ್ ಬದಲಿಸಲು ನನಗೆ ಕೊಟ್ಟಿದ್ದಾರೆ. ಜ್ಯಾಕ್ ತಂದಾಗಿದೆ, ಇವತ್ತು ರಾತ್ರಿ ಬೆಸುಗೆ ಹಾಕಬೇಕು. ಇಳಯರಾಜರ ಹಾಡಿನಲ್ಲಿ ಪಲ್ಲವಿಗೆ ಸರ್ ನುಡಿಸುತ್ತಾರೆ, ಒಂದು ಚರಣ ನನಗೆ. ಯಾವ ಚರಣ ಎಂದು ಅವರಿನ್ನೂ ಹೇಳಿಲ್ಲ, ಎರಡನ್ನೂ ಕಲಿತುಕೊಳ್ಳುತ್ತಿದ್ದೇನೆ.